ಸ್ತನ ಮರುನಿರ್ಮಾಣದ ನಂತರ ‘ತೃಪ್ತಿ’: ಆ ಅಂಕೆಯ ಒಳಗೆ ಏನೇನಿದೆ?

ಕ್ಯಾನ್ಸರ್ ಬಂದು ಸ್ತನ ತೆಗೆಸಿಕೊಂಡು, ಆಮೇಲೆ ಮರುನಿರ್ಮಾಣದ ಆಪರೇಷನ್ ಮಾಡಿಸಿಕೊಂಡ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ತೃಪ್ತರಾಗಿದ್ದಾರೆ ಅನ್ನುವ ಮಾತನ್ನು ನೀವು ಬೇಕಾದಷ್ಟು ಕಡೆ ಓದಿರುತ್ತೀರಿ. ಅದು ಸುಳ್ಳಲ್ಲ. ಆದರೆ ಆ ಒಂದು ಮಾತನ್ನು ಮಾತ್ರ ನಂಬಿಕೊಂಡು ಯಾರಾದರೂ ಆಪರೇಷನ್‌ಗೆ ಒಪ್ಪಿಕೊಂಡರೆ ನನಗೆ ಆತಂಕವಾಗುತ್ತದೆ. ತೃಪ್ತಿ ಯಾವುದರ ಬಗ್ಗೆ? ಯಾವಾಗ ಕೇಳಿದ್ದು? ಕೇಳಿದವರು ಯಾರು? ಆಕೆಗೆ ಮೊದಲು ಏನು ಹೇಳಿದ್ದರು? ಇಷ್ಟೂ ಗೊತ್ತಾಗದೆ ‘ತೃಪ್ತಿ’ ಅನ್ನುವುದಕ್ಕೆ ಜಾಸ್ತಿ ಅರ್ಥ ಇಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ಈ ಆಪರೇಷನ್ ಆದಮೇಲಿನ ಸಮಾಧಾನ ಸರ್ಜನ್‌ನ ಕೈಚಳಕದಿಂದ ಬರುತ್ತದೆ, ನಿಜ. ಆದರೆ ಅದರ ದೊಡ್ಡ ಪಾಲು ಆಪರೇಷನ್‌ಗೂ ಮುಂಚೆ, ಕನ್ಸಲ್ಟೇಷನ್ ರೂಮಿನಲ್ಲಿ ನಡೆದ ಮಾತಿನಲ್ಲೇ ತೀರ್ಮಾನವಾಗಿರುತ್ತದೆ. ಆ ಮಾತಿಗೆ ನಾವು ಕೊಡುತ್ತಿರುವ ಸಮಯ ಏನೇನೂ ಸಾಲದು.

ಆಪರೇಷನ್ ಬಗ್ಗೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ದಾರಿ ಮುಖ್ಯವಾಗಿ ಎರಡು. ಒಂದು ಇಂಪ್ಲಾಂಟ್, ಅಂದರೆ ಸಿಲಿಕೋನ್ ಜೆಲ್ ಅಥವಾ ಸಲೈನ್ (ಉಪ್ಪುನೀರು) ತುಂಬಿದ ಕೃತಕ ಚೀಲವನ್ನು ಎದೆಯೊಳಗೆ ಇಡುವುದು. ಎಷ್ಟೋ ಸಲ ಮೊದಲು ಚರ್ಮದ ಕೆಳಗೆ ಎಕ್ಸ್‌ಪಾಂಡರ್ ಅನ್ನುವ ಚೀಲ ಇಟ್ಟು, ಕೆಲವು ವಾರ ಅದಕ್ಕೆ ಸ್ವಲ್ಪ ಸ್ವಲ್ಪವೇ ಸಲೈನ್ ತುಂಬಿಸಿ ಚರ್ಮ ಹಿಗ್ಗಿಸಿ, ಆಮೇಲೆ ಇನ್ನೊಂದು ಆಪರೇಷನ್‌ನಲ್ಲಿ ಅದನ್ನು ತೆಗೆದು ಇಂಪ್ಲಾಂಟ್ ಇಡುತ್ತಾರೆ. ಇನ್ನೊಂದು, ಸ್ವಂತ ದೇಹದ ಅಂಗಾಂಶದಿಂದ ಮಾಡುವ ಫ್ಲಾಪ್. ಹೊಟ್ಟೆಯ ಕೆಳಭಾಗದ ಚರ್ಮ ಮತ್ತು ಕೊಬ್ಬನ್ನು ಅದರ ರಕ್ತನಾಳದ ಸಮೇತ ತೆಗೆದು, ಮೈಕ್ರೋಸ್ಕೋಪ್ ಕೆಳಗೆ ಎದೆಯ ರಕ್ತನಾಳಕ್ಕೆ ಜೋಡಿಸುವ ಡಿಐಇಪಿ ಫ್ಲಾಪ್ ಇವುಗಳಲ್ಲಿ ಹೆಚ್ಚು ಹೆಸರಾದದ್ದು. ಬೆನ್ನಿನಿಂದ, ತೊಡೆಯಿಂದ ತೆಗೆಯುವುದೂ ಉಂಟು. ಇಂಪ್ಲಾಂಟ್ ಆಪರೇಷನ್ ಬೇಗ ಮುಗಿಯುತ್ತದೆ, ಚೇತರಿಕೆಯೂ ಬೇಗ. ಫ್ಲಾಪ್ ಹಲವು ಗಂಟೆಗಳ ಕೆಲಸ, ಎದೆಯ ಜೊತೆ ಹೊಟ್ಟೆಯಲ್ಲೂ ದೊಡ್ಡ ಗಾಯ, ವಾರಗಟ್ಟಲೆ ಭಾರ ಎತ್ತುವ ಹಾಗಿಲ್ಲ.

ಇನ್ನು ತೃಪ್ತಿಯನ್ನು ಅಳೆಯುವ ವಿಷಯ. ಬಹಳ ಕಾಲ ಇದನ್ನು ಅಳೆದದ್ದು ಹೇಗೆ ಗೊತ್ತಾ? ಫೋಟೊ ನೋಡಿ. ಎರಡೂ ಕಡೆ ಸಮ ಇದೆಯಾ, ಕಲೆ ಎಷ್ಟು ಕಾಣುತ್ತದೆ, ಆಕಾರ ಸರಿಯಿದೆಯಾ ಅಂತ ಡಾಕ್ಟರ್‌ಗಳೇ ಅಂಕ ಕೊಡುತ್ತಿದ್ದರು. ಆ ಎದೆ ಹೊತ್ತು ಬದುಕುವವಳ ಅಭಿಪ್ರಾಯ ಕೇಳುತ್ತಿದ್ದದ್ದು ಕಡಿಮೆ, ಕೇಳಿದರೂ ಒಬ್ಬೊಬ್ಬರು ಒಂದೊಂದು ಥರ. ಈ ಕೊರತೆ ತುಂಬಲು ಆಂಡ್ರಿಯಾ ಪ್ಯೂಸಿಕ್, ಆನ್ ಕ್ಲಾಸೆನ್, ಸ್ಟೆಫಾನ್ ಕೇನೋ ಮತ್ತವರ ಜೊತೆಗಾರರು ‘ಬ್ರೆಸ್ಟ್-ಕ್ಯೂ’ ಅನ್ನುವ ಪ್ರಶ್ನಾವಳಿ ಮಾಡಿ 2009ರಲ್ಲಿ ಪ್ರಕಟಿಸಿದರು. ರೋಗಿಗಳ ಜೊತೆಗೇ ಕೂತು ಮಾತಾಡಿ, ಅವರು ಹೇಳಿದ್ದನ್ನೇ ಪ್ರಶ್ನೆ ಮಾಡಿದ್ದು ಇದರ ದೊಡ್ಡ ಗುಣ. ಇವತ್ತು ಈ ಕ್ಷೇತ್ರದ ಸಂಶೋಧನೆಯಲ್ಲಿ ಇದೇ ಮುಖ್ಯ ಅಳತೆಗೋಲು.

ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಒಂದಿದೆ. ಅದು ‘ತೃಪ್ತಿ’ಯನ್ನು ಒಂದೇ ಅಂಕೆಯಲ್ಲಿ ಹೇಳುವುದೇ ಇಲ್ಲ. ಸ್ತನದ ಬಗ್ಗೆ ಸಮಾಧಾನ ಎಷ್ಟು ಅನ್ನುವುದು ಒಂದು ಅಳತೆ. ಮನಸ್ಸು ಮತ್ತು ಜನರ ನಡುವಿನ ಬದುಕು ಹೇಗಿದೆ ಅನ್ನುವುದು ಇನ್ನೊಂದು. ಲೈಂಗಿಕ ಬದುಕು, ಎದೆ ಭಾಗದ ನೋವು ಮತ್ತು ಬಿಗಿತ, ಹೊಟ್ಟೆಯ ತೊಂದರೆ, ಇವೆಲ್ಲ ಬೇರೆ ಬೇರೆ. ಡಾಕ್ಟರ್ ಬಗ್ಗೆ, ನರ್ಸ್‌ಗಳ ಬಗ್ಗೆ, ಮೊದಲೇ ಕೊಟ್ಟ ಮಾಹಿತಿಯ ಬಗ್ಗೆ ಕೂಡ ಬೇರೆಯಾಗಿಯೇ ಕೇಳುತ್ತದೆ. ಪ್ರತಿಯೊಂದಕ್ಕೂ 0ಯಿಂದ 100ರ ವರೆಗೆ ಅಂಕ. ಒಬ್ಬಳೇ ಹೆಂಗಸು ಡಾಕ್ಟರ್‌ಗೆ ಪೂರ್ತಿ ಅಂಕ ಕೊಟ್ಟು, ಲೈಂಗಿಕ ಬದುಕಿನ ಪ್ರಶ್ನೆಗಳಲ್ಲಿ ತೀರಾ ಕೆಳಗೆ ಇರಬಹುದು. ಆಕೆ ತೃಪ್ತಳೋ ಅಲ್ಲವೋ? ಎರಡೂ ನಿಜ. ಪೇಪರ್‌ನ ಹೆಡ್‌ಲೈನ್‌ಗೆ ಬರುವ ಹೊತ್ತಿಗೆ ಇದೆಲ್ಲ ಕರಗಿ ಒಂದೇ ಮಾತು ಉಳಿಯುತ್ತದೆ.

ಈ ಅಳತೆಗೋಲು ಹಿಡಿದು ನಡೆದ ದೊಡ್ಡ ಅಧ್ಯಯನಗಳಲ್ಲಿ ಒಂದು ಅಮೆರಿಕ ಮತ್ತು ಕೆನಡಾದ 11 ಆಸ್ಪತ್ರೆ ಕೇಂದ್ರಗಳು ಸೇರಿ ಮಾಡಿದ್ದು. ಹೆಸರು ಚುಟುಕಾಗಿ ‘ಎಂಆರ್‌ಓಸಿ’. 2012ರಿಂದ ರೋಗಿಗಳನ್ನು ಸೇರಿಸಿಕೊಂಡು, ಆಪರೇಷನ್‌ಗೂ ಮುಂಚೆ ಒಮ್ಮೆ ಕೇಳಿ, ಆಮೇಲೆ ಮತ್ತೆ ಮತ್ತೆ ಕೇಳಿದರು. 2018ರಲ್ಲಿ ಬಂದ ವರದಿಯಲ್ಲಿ ಎರಡು ವರ್ಷದ ಹೊತ್ತಿಗೆ, ಸ್ವಂತ ಅಂಗಾಂಶದಿಂದ ಮಾಡಿಸಿಕೊಂಡವರು ಸ್ತನದ ಬಗ್ಗೆ ಇಂಪ್ಲಾಂಟ್‌ನವರಿಗಿಂತ ಸರಾಸರಿ ಸುಮಾರು 8 ಅಂಕ ಹೆಚ್ಚು ಸಮಾಧಾನ ತೋರಿಸಿದ್ದರು. ಲೈಂಗಿಕ ಬದುಕಿನಲ್ಲಿ 5ಕ್ಕಿಂತ ಸ್ವಲ್ಪ ಹೆಚ್ಚು, ಮನಸ್ಸಿನ ನೆಮ್ಮದಿಯಲ್ಲಿ 3ಕ್ಕಿಂತ ಸ್ವಲ್ಪ ಹೆಚ್ಚು. ಈ ಪ್ರಶ್ನಾವಳಿಯಲ್ಲಿ ಸುಮಾರು 4 ಅಂಕದ ವ್ಯತ್ಯಾಸ ಇದ್ದರೆ ಅದು ರೋಗಿಗೆ ನಿಜವಾಗಿ ಗೊತ್ತಾಗುವಂಥದ್ದು ಅನ್ನುವುದು ಸಂಶೋಧಕರ ಲೆಕ್ಕ. ಹಾಗಾಗಿ 8 ಅಂಕ ಸಣ್ಣದಲ್ಲ. 3 ಅಂಕದ ಬಗ್ಗೆ ಜಾಸ್ತಿ ಸದ್ದು ಮಾಡುವುದು ಬೇಡ.

ಹಾಗಾದರೆ ಎಲ್ಲರೂ ಫ್ಲಾಪ್ ಮಾಡಿಸಿಕೊಳ್ಳಬೇಕಾ? ಇಲ್ಲ. ಇದು ಚೀಟಿ ಎತ್ತಿ ಹಂಚಿದ ಪ್ರಯೋಗ ಅಲ್ಲ. ಹಾಗೆ ಹಂಚಲೂ ಆಗುವುದಿಲ್ಲ, ಇಂಥ ವಿಷಯದಲ್ಲಿ ಯಾವ ಹೆಂಗಸು ಚೀಟಿಗೆ ಒಪ್ಪುತ್ತಾಳೆ? ತೆಳ್ಳಗಿರುವವರ ಹೊಟ್ಟೆಯಲ್ಲಿ ಸಾಕಷ್ಟು ಅಂಗಾಂಶ ಸಿಗುವುದಿಲ್ಲ. ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಗಾಯ ಮಾಯುವುದು ಕಷ್ಟ. ಮನೆಯಲ್ಲಿ ಎಳೆ ಮಗು ಇರುವವಳು ವಾರಗಟ್ಟಲೆ ಸುಧಾರಿಸಿಕೊಳ್ಳುತ್ತಾ ಕೂರಲಾರಳು. ದೊಡ್ಡ ಆಪರೇಷನ್ ಆರಿಸಿಕೊಳ್ಳುವವರು ಮೊದಲೇ ಹೆಚ್ಚು ಓದಿಕೊಂಡು, ಹೆಚ್ಚು ತಯಾರಾಗಿ ಬಂದವರೂ ಇರಬಹುದು. ಸಂಶೋಧಕರು ಇಂಥ ಎಷ್ಟೋ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿಹೊಂದಿಸುತ್ತಾರೆ, ಆದರೆ ಮನಸ್ಸಿನ ತಯಾರಿಯನ್ನು ಯಾವ ಲೆಕ್ಕವೂ ಪೂರ್ತಿ ಹಿಡಿಯುವುದಿಲ್ಲ.

ತೊಂದರೆಗಳ ಲೆಕ್ಕವನ್ನೂ ಇದರ ಜೊತೆ ಇಟ್ಟು ನೋಡಬೇಕು. ಅದೇ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಸುಮಾರು ಮೂರರಲ್ಲಿ ಒಬ್ಬರಿಗೆ ಏನಾದರೂ ಒಂದು ತೊಂದರೆ ಆಗಿತ್ತು. ಸುಮಾರು ಐವರಲ್ಲಿ ಒಬ್ಬರು ಆ ತೊಂದರೆಗಾಗಿ ಮತ್ತೆ ಆಪರೇಷನ್ ಥಿಯೇಟರ್‌ಗೆ ಹೋಗಬೇಕಾಯಿತು. ಎರಡು ವರ್ಷದ ಲೆಕ್ಕದಲ್ಲಿ ಫ್ಲಾಪ್‌ನವರಿಗೆ ಒಟ್ಟು ತೊಂದರೆ ಜಾಸ್ತಿ, ಆದರೆ ಕಟ್ಟಿದ್ದೆಲ್ಲ ಪೂರ್ತಿ ಕೈಕೊಡುವುದು ಇಂಪ್ಲಾಂಟ್‌ನಲ್ಲಿ ಜಾಸ್ತಿ. ಮೂರರಲ್ಲಿ ಒಬ್ಬರು ಅಂದರೆ ಅಪರೂಪ ಅಲ್ಲ. ಇದನ್ನು ‘ಅಪರೂಪಕ್ಕೆ ಹೀಗಾಗಬಹುದು’ ಅನ್ನುವ ದನಿಯಲ್ಲಿ ಹೇಳುವುದು ತಪ್ಪು.

ರೇಡಿಯೇಷನ್ ಬಂದರಂತೂ ಚಿತ್ರವೇ ಬೇರೆ. ಇಂಪ್ಲಾಂಟ್ ಇಟ್ಟ ಎದೆಗೆ ರೇಡಿಯೇಷನ್ ಕೊಟ್ಟಾಗ ಸುತ್ತಲಿನ ಅಂಗಾಂಶ ಬಿಗಿಯಾಗಿ, ಇಂಪ್ಲಾಂಟ್ ಸುತ್ತ ದೇಹ ಕಟ್ಟಿಕೊಳ್ಳುವ ಪೊರೆ ಗಟ್ಟಿಯಾಗಿ, ಸ್ತನ ಕಲ್ಲಿನಂತಾಗಿ ಮೇಲಕ್ಕೆ ಎಳೆದುಕೊಳ್ಳುವ ಸಾಧ್ಯತೆ ಹೆಚ್ಚು. ಎಂಆರ್‌ಓಸಿ ಅಂಕೆಗಳಲ್ಲಿ, ರೇಡಿಯೇಷನ್ ಪಡೆದ ಇಂಪ್ಲಾಂಟ್ ರೋಗಿಗಳಲ್ಲಿ ಎರಡು ವರ್ಷದೊಳಗೆ ಶೇ. 38.9ರಷ್ಟು ಮಂದಿಗೆ ಸ್ತನದಲ್ಲಿ ತೊಂದರೆ ಕಾಣಿಸಿತು, ಶೇ. 18.7ರಷ್ಟು ಮಂದಿಗೆ ಮರುನಿರ್ಮಾಣವೇ ವಿಫಲವಾಯಿತು. ರೇಡಿಯೇಷನ್ ಪಡೆದ ಫ್ಲಾಪ್ ರೋಗಿಗಳಲ್ಲಿ ಇದು ಶೇ. 25.6 ಮತ್ತು ಶೇ. 1. ತೃಪ್ತಿಯ ಅಂಕವೂ ಇದೇ ದಾರಿ ಹಿಡಿದಿತ್ತು. ರೇಡಿಯೇಷನ್ ಬೇಕಾಗಬಹುದು ಅನ್ನುವ ಹೆಂಗಸಿಗೆ ಈ ಮಾಹಿತಿ ಆಪರೇಷನ್‌ಗೂ ಮುಂಚೆ ಸಿಗಲೇಬೇಕು. ಕ್ಯಾನ್ಸರ್ ಡಾಕ್ಟರ್ ಒಂದು ಕಡೆ, ರೇಡಿಯೇಷನ್ ಡಾಕ್ಟರ್ ಇನ್ನೊಂದು ಕಡೆ, ಪ್ಲಾಸ್ಟಿಕ್ ಸರ್ಜನ್ ಮತ್ತೊಂದು ಕಡೆ ಕೂತು, ಯಾರೋ ಹೇಳಿರುತ್ತಾರೆ ಬಿಡು ಅಂತ ಎಲ್ಲರೂ ಅಂದುಕೊಂಡರೆ ಯಾರೂ ಹೇಳದೆ ಹೋಗುತ್ತದೆ.

ಈಗ ಅಂಕೆಗಳಲ್ಲಿ ಸರಿಯಾಗಿ ಕಾಣದ ವಿಷಯಕ್ಕೆ ಬರುತ್ತೇನೆ. ಸ್ಪರ್ಶ. ಸ್ತನ ತೆಗೆಯುವಾಗ ಚರ್ಮಕ್ಕೆ ಹೋಗುವ ಸಣ್ಣ ಸಣ್ಣ ನರಗಳು ಕತ್ತರಿಸಿ ಹೋಗುತ್ತವೆ. ಆಮೇಲೆ ಎಷ್ಟೇ ಚಂದದ ಆಕಾರ ಕಟ್ಟಿದರೂ ಅಲ್ಲಿ ಮುಟ್ಟಿದ್ದು ಗೊತ್ತಾಗದೆ ಇರಬಹುದು, ಅಥವಾ ಬಹಳ ಕಡಿಮೆ ಗೊತ್ತಾಗಬಹುದು. ಬಿಸಿ ತಟ್ಟಿದ್ದು ತಿಳಿಯದೆ ಬಿಸಿನೀರಿನ ಚೀಲದಿಂದ ಸುಟ್ಟುಕೊಂಡವರಿದ್ದಾರೆ. ಮೊಲೆತೊಟ್ಟು ಉಳಿಸಿಕೊಂಡ ಆಪರೇಷನ್‌ನಲ್ಲೂ ತೊಟ್ಟು ಕಣ್ಣಿಗೆ ಉಳಿಯುತ್ತದೆ, ಅದರ ಸಂವೇದನೆ ಹಾಗೇ ಉಳಿಯುತ್ತದೆ ಅನ್ನುವಂತಿಲ್ಲ. ಫ್ಲಾಪ್‌ನಲ್ಲಿ ನರ ಜೋಡಿಸುವ ಪ್ರಯತ್ನಗಳು ನಡೆಯುತ್ತಿವೆ, ಸ್ವಲ್ಪ ಮಟ್ಟಿಗೆ ಸ್ಪರ್ಶ ಮರಳುವುದೂ ಇದೆ, ಆದರೆ ಹಿಂದಿನಂತೆ ಆಗುತ್ತದೆ ಅಂತ ಯಾರೂ ಮಾತು ಕೊಡಲಾರರು.

ಇಂಪ್ಲಾಂಟ್‌ನಲ್ಲಿ ಇನ್ನೂ ಕೆಲವು ಇವೆ. ಎದೆಯ ಸ್ನಾಯುವಿನ ಕೆಳಗೆ ಇಟ್ಟಿದ್ದರೆ, ಏನಾದರೂ ತಳ್ಳುವಾಗ, ಕೈ ಬಿಗಿ ಮಾಡಿದಾಗ ಸ್ತನ ಸೊಟ್ಟಗೆ ಎಳೆದುಕೊಳ್ಳುತ್ತದೆ. ಈ ಕಾರಣಕ್ಕೇ ಈಗ ಸ್ನಾಯುವಿನ ಮೇಲೆ ಇಡುವ ರೂಢಿ ಬೆಳೆಯುತ್ತಿದೆ, ಅದರಲ್ಲಿ ಅಂಚಿನ ಸುಕ್ಕು ಚರ್ಮದ ಮೇಲೆ ಕಾಣಿಸುವ ಸಾಧ್ಯತೆ ಇದೆ. ಚಳಿಯಲ್ಲಿ ಇಂಪ್ಲಾಂಟ್ ತಣ್ಣಗಾಗಿ ಹಾಗೇ ಉಳಿಯುತ್ತದೆ ಅಂತ ಹೇಳುವವರೂ ಇದ್ದಾರೆ. ಒಂದೇ ಕಡೆ ಮಾಡಿಸಿಕೊಂಡವರಲ್ಲಿ ವಯಸ್ಸಾದ ಹಾಗೆ ಸಹಜ ಸ್ತನ ಇಳಿಯುತ್ತದೆ, ಇಂಪ್ಲಾಂಟ್ ಇರುವ ಕಡೆ ಹಾಗೇ ನಿಂತಿರುತ್ತದೆ. ಫ್ಲಾಪ್ ಆದರೆ ತೂಕ ಏರಿದಾಗ, ಇಳಿದಾಗ ದೇಹದ ಜೊತೆಗೇ ಬದಲಾಗುತ್ತದೆ. ಫ್ಲಾಪ್‌ನವರ ತೃಪ್ತಿ ಕಾಲ ಕಳೆದರೂ ಚೆನ್ನಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಲೈಂಗಿಕ ಬದುಕಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ತೀರಾ ಕೆಳಗಿನ ಅಂಕ ಬರುವುದು ಇಲ್ಲೇ. ಬ್ರೆಸ್ಟ್-ಕ್ಯೂ ಈ ಪ್ರಶ್ನೆಗಳನ್ನು ಕೇಳುತ್ತದೆ. ಕನ್ಸಲ್ಟೇಷನ್ ರೂಮಿನಲ್ಲಿ ಕೇಳುವವರು ಎಷ್ಟು ಜನ? ಜೀವ ಉಳಿದಿದೆಯಲ್ಲ, ಅದೇ ದೊಡ್ಡದು ಅನ್ನುವ ಭಾವನೆ ಮನೆಯವರಲ್ಲೂ ಇರುತ್ತದೆ, ಡಾಕ್ಟರ್‌ಗಳಲ್ಲೂ ಇರುತ್ತದೆ, ಕೊನೆಗೆ ಆಕೆಯೂ ಅದನ್ನೇ ತನಗೆ ತಾನು ಹೇಳಿಕೊಂಡು ಸುಮ್ಮನಾಗುತ್ತಾಳೆ. ಕೀಮೋ ಮತ್ತು ಹಾರ್ಮೋನ್ ಮಾತ್ರೆಗಳಿಂದ ಆಗುವ ಒಣಗುವಿಕೆ, ಆಸಕ್ತಿ ಕಡಿಮೆಯಾಗುವುದು, ಸುಸ್ತು, ಇವೆಲ್ಲ ಇದರ ಜೊತೆ ಸೇರಿಕೊಂಡಿರುತ್ತವೆ. ಮರುನಿರ್ಮಾಣ ಒಂದೇ ಇದನ್ನೆಲ್ಲ ಸರಿ ಮಾಡುತ್ತದೆ ಅಂತ ಕಾದವರಿಗೆ ನಿರಾಸೆ ಆಗುವುದು ಸಹಜ. ಆ ನಿರಾಸೆಗೆ ಆಪರೇಷನ್ ಕಾರಣ ಅಲ್ಲ, ಮೊದಲೇ ಯಾರೂ ಹೇಳದೆ ಇದ್ದದ್ದು ಕಾರಣ.

ಹಾಗಾಗಿ ನಿರೀಕ್ಷೆಯ ಬಗ್ಗೆ ನಡೆದಿರುವ ಸಂಶೋಧನೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅಮೆರಿಕದ ಸರ್ಜನ್ ಕ್ಲಾರಾ ಲೀ ಮತ್ತು ಜೊತೆಗಾರರು, ಸ್ತನ ತೆಗೆಸಿಕೊಳ್ಳಲಿರುವ ಮಹಿಳೆಯರಿಗೆ ಒಂದು ವರ್ಷದ ನಂತರ ನಿಮಗೆ ಹೇಗನ್ನಿಸಬಹುದು ಅಂತ ಮೊದಲೇ ಕೇಳಿದರು. ಒಂದು ವರ್ಷ ಆದಮೇಲೆ ನಿಜವಾಗಿ ಹೇಗಿದೆ ಅಂತ ಮತ್ತೆ ಕೇಳಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮರುನಿರ್ಮಾಣ ಮಾಡಿಸಿಕೊಳ್ಳದೆ ಇದ್ದವರು ತಾವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿಯೇ ಇದ್ದರು. ಮಾಡಿಸಿಕೊಂಡವರು ತಮ್ಮ ಎದೆಯ ಬಗ್ಗೆ ಅಂದುಕೊಂಡಿದ್ದಷ್ಟು ಸಮಾಧಾನದಲ್ಲಿ ಇರಲಿಲ್ಲ. ಅಂದರೆ ಇಲ್ಲದೆ ಬದುಕುವುದನ್ನು ಜಾಸ್ತಿ ಭಯಂಕರವಾಗಿ ಊಹಿಸಿಕೊಳ್ಳುತ್ತೇವೆ, ಕಟ್ಟಿಸಿಕೊಂಡು ಬದುಕುವುದನ್ನು ಜಾಸ್ತಿ ಸುಲಭವಾಗಿ ಊಹಿಸಿಕೊಳ್ಳುತ್ತೇವೆ. ಅದೇ ತಂಡದ ಇನ್ನೊಂದು ಅಧ್ಯಯನ 126 ಮಹಿಳೆಯರನ್ನು ನೋಡಿತು. ವಿಷಯ ತಕ್ಕಮಟ್ಟಿಗಾದರೂ ತಿಳಿದುಕೊಂಡು, ತಮ್ಮ ಇಷ್ಟಕ್ಕೆ ಹೊಂದುವ ನಿರ್ಧಾರ ತೆಗೆದುಕೊಂಡವರು ಶೇ. 43ರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚು ಹೆಂಗಸರು ಇಷ್ಟು ದೊಡ್ಡ ನಿರ್ಧಾರವನ್ನು ಪೂರ್ತಿ ತಿಳಿಯದೆ ಅಥವಾ ತಮಗೆ ಬೇಕಾದದ್ದಕ್ಕೆ ಹೊಂದದ ಹಾಗೆ ತೆಗೆದುಕೊಂಡರು. ಇದು ಅವರ ತಪ್ಪಲ್ಲ. ಕ್ಯಾನ್ಸರ್ ಅಂತ ಕೇಳಿದ ದಿನ ಮನುಷ್ಯರ ತಲೆಗೆ ಏನೂ ಇಳಿಯುವುದಿಲ್ಲ, ಆ ಗಾಬರಿಯಲ್ಲೇ ಇಂಪ್ಲಾಂಟೋ ಫ್ಲಾಪೋ ಅಂತ ಕೇಳಿದರೆ ಯಾರು ತಾನೇ ಏನು ಹೇಳಿಯಾರು?

ಮರುನಿರ್ಮಾಣವೇ ಬೇಡ ಅನ್ನುವವರ ಮಾತು ಇಲ್ಲಿ ಬರಬೇಕು. ಎದೆಯನ್ನು ಸಪಾಟಾಗಿ, ನೀಟಾಗಿ ಹೊಲಿದು ಮುಗಿಸುವುದು ಕೂಡ ಒಂದು ಆಯ್ಕೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಇದನ್ನು 2020ರಲ್ಲಿ ತನ್ನ ವೈದ್ಯಕೀಯ ಪದಕೋಶಕ್ಕೆ ಸೇರಿಸಿತು. 2021ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಹೀಗೆ ಸಪಾಟು ಎದೆ ಆರಿಸಿಕೊಂಡ 931 ಮಹಿಳೆಯರನ್ನು ಕೇಳಿದಾಗ, ಶೇ. 74ರಷ್ಟು ಮಂದಿ ತೃಪ್ತಿ ಇದೆ ಅಂದರು. ಅದೇ ಸಮೀಕ್ಷೆಯಲ್ಲಿ ಶೇ. 22ರಷ್ಟು ಮಂದಿ ಹೇಳಿದ್ದನ್ನು ಓದಿ ನನಗೆ ಸಿಟ್ಟು ಬಂದಿದೆ. ಅವರ ಸರ್ಜನ್ ಈ ಆಯ್ಕೆಯನ್ನು ಹೇಳಲೇ ಇಲ್ಲ, ಅಥವಾ ಅದಕ್ಕೆ ಬೆಂಬಲ ಕೊಡಲಿಲ್ಲ, ಅಥವಾ ಮುಂದೆ ಮನಸ್ಸು ಬದಲಾಗಬಹುದು ಅಂತ ಬೇಕೆಂದೇ ಹೆಚ್ಚು ಚರ್ಮ ಉಳಿಸಿಬಿಟ್ಟರು. ಬೇಡ ಅಂತ ಬಾಯಿಬಿಟ್ಟು ಹೇಳಿದವಳ ಮೈಮೇಲೆ ‘ಇರಲಿ’ ಅಂತ ಇನ್ನೊಬ್ಬರು ನಿರ್ಧಾರ ಮಾಡುವುದನ್ನು ಯಾವ ಒಳ್ಳೆಯ ಉದ್ದೇಶವೂ ಸಮರ್ಥಿಸುವುದಿಲ್ಲ.

ಇನ್ನು ಕಾಲದ ಪ್ರಶ್ನೆ. ಎರಡು ವರ್ಷದ ಅಂಕ ಹತ್ತು ವರ್ಷದ ಅಂಕ ಅಲ್ಲ. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತು ಅಲ್ಲ ಅಂತ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಪಷ್ಟವಾಗಿ ಹೇಳುತ್ತದೆ. ಸಿಲಿಕೋನ್ ಇಂಪ್ಲಾಂಟ್ ಒಳಗೇ ಹರಿದರೂ ಹೊರಗೆ ಏನೂ ಗೊತ್ತಾಗದೆ ಇರಬಹುದು. ಅದಕ್ಕೇ ಐದಾರು ವರ್ಷಕ್ಕೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸಿ ಅನ್ನುವುದು ಅವರ ಸಲಹೆ. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಪ್ರಪಂಚದಾದ್ಯಂತ ವಾಪಸ್ ಪಡೆಯಿತು. ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಹುಟ್ಟುವ ಒಂದು ಅಪರೂಪದ ಲಿಂಫೋಮಾ (ರೋಗನಿರೋಧಕ ಜೀವಕೋಶಗಳ ಕ್ಯಾನ್ಸರ್) ಜೊತೆ ಅವುಗಳ ನಂಟು ಬಲವಾಗಿ ಕಂಡಿದ್ದು ಕಾರಣ. ಕ್ಯಾನ್ಸರ್ ಗೆದ್ದು ಬಂದವಳಿಗೆ, ಒಳಗಿಟ್ಟ ವಸ್ತುವಿನಿಂದ ಇನ್ನೊಂದು ಕ್ಯಾನ್ಸರ್ ಬರಬಹುದು ಅನ್ನುವ ಪತ್ರ ಬಂದರೆ ಆಕೆಯ ತೃಪ್ತಿ ಎಲ್ಲಿರುತ್ತದೆ? ಎರಡು ವರ್ಷಕ್ಕೆ ಕೇಳಿದ ಪ್ರಶ್ನೆಗೆ ಇದು ಸಿಕ್ಕುವುದೇ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಎಫ್‌ಡಿಎ, ಅಪಾಯಗಳ ಪಟ್ಟಿಯನ್ನು ರೋಗಿಯ ಜೊತೆ ಒಂದೊಂದಾಗಿ ಓದಿ ಸಹಿ ಮಾಡಿಸಿಕೊಳ್ಳಬೇಕು ಅನ್ನುವ ನಿಯಮ ತಂದಿತು. ಒಳ್ಳೆಯ ಹೆಜ್ಜೆ. ಆದರೆ ಆಪರೇಷನ್ ದಿನ ಬೆಳಿಗ್ಗೆ ಕೈಗೆ ಕೊಟ್ಟು ಸಹಿ ಹಾಕಿ ಅಂದರೆ ಅದರಿಂದ ಪ್ರಯೋಜನ ಇಲ್ಲ.

ಅಂಕೆಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಪ್ರಶ್ನಾವಳಿಗೆ ಯಾರು ಉತ್ತರಿಸುತ್ತಾರೆ? ಕಾಯಿಲೆ ಮರುಕಳಿಸಿದವರು, ಆಪರೇಷನ್ ಕೈಕೊಟ್ಟು ಬೇರೆ ಆಸ್ಪತ್ರೆಗೆ ಹೋದವರು, ಬೇಸತ್ತು ಹೋದವರು ಅರ್ಧಕ್ಕೆ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ಉಳಿದವರ ಸರಾಸರಿ ಸ್ವಲ್ಪ ಚೆನ್ನಾಗಿ ಕಾಣುತ್ತದೆ. ಅದಲ್ಲದೆ, ತನ್ನ ಜೀವ ಉಳಿಸಿದ ಡಾಕ್ಟರ್ ಎದುರಿಗೆ ಕೂತು ‘ನನಗೆ ಇದು ಇಷ್ಟ ಆಗಲಿಲ್ಲ’ ಅನ್ನಲು ಎಷ್ಟು ಧೈರ್ಯ ಬೇಕು ಯೋಚಿಸಿ. ಕೃತಜ್ಞತೆ ಬಾಯಿ ಕಟ್ಟುತ್ತದೆ. ಅದಕ್ಕೇ ಸರ್ಜನ್ ಇಲ್ಲದ ಕಡೆ, ಮನೆಯಲ್ಲಿ ಕೂತು ತುಂಬುವ ಫಾರಂ ಮುಖ್ಯ. ಆಪರೇಷನ್‌ಗೂ ಮುಂಚೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಇದನ್ನು ತುಂಬಿಸಿ, ಅಂಕ ಬಿದ್ದ ಕಡೆ ಡಾಕ್ಟರೇ ಮಾತು ತೆಗೆದರೆ ಎಷ್ಟೋ ನೋವು ಬೇಗ ಗೊತ್ತಾಗುತ್ತದೆ. ಸಂಶೋಧನೆಗೆ ಅಂತ ತುಂಬಿಸಿಕೊಂಡು ಕಂಪ್ಯೂಟರ್‌ನಲ್ಲಿ ಇಟ್ಟರೆ ತುಂಬಿದವಳಿಗೆ ಏನು ಸಿಕ್ಕಿತು?

ನಿಮಗೋ ನಿಮ್ಮವರಿಗೋ ಈ ನಿರ್ಧಾರ ಎದುರಿಗೆ ಬಂದಿದ್ದರೆ, ಸರ್ಜನ್ ತೋರಿಸುವ ಚೆನ್ನಾಗಿ ಬಂದ ಫೋಟೊಗಳ ಜೊತೆ, ಸಾಧಾರಣವಾಗಿ ಬಂದದ್ದನ್ನೂ ಕೆಟ್ಟದಾಗಿ ಬಂದದ್ದನ್ನೂ ತೋರಿಸಿ ಅಂತ ಕೇಳಿ. ಒಟ್ಟು ಎಷ್ಟು ಆಪರೇಷನ್ ಆಗಬಹುದು ಅಂತ ಕೇಳಿ, ಯಾಕೆಂದರೆ ತೊಟ್ಟು ಕಟ್ಟುವುದು, ಇನ್ನೊಂದು ಕಡೆಯ ಸ್ತನವನ್ನು ಸಮ ಮಾಡುವುದು, ಕೊಬ್ಬು ತುಂಬಿಸಿ ತಗ್ಗು ಮುಚ್ಚುವುದು ಅಂತ ಒಂದಕ್ಕೊಂದು ಸೇರುತ್ತಾ ಹೋಗುತ್ತವೆ. ರೇಡಿಯೇಷನ್ ಬರಬಹುದಾ, ಸ್ಪರ್ಶ ಎಷ್ಟು ಉಳಿಯುತ್ತದೆ, ಸಪಾಟಾಗಿ ಬಿಟ್ಟರೆ ಹೇಗೆ ಕಾಣುತ್ತದೆ ಅನ್ನುವುದನ್ನೂ ಕೇಳಿ. ಮೊದಲೇ ಮಾಡಿಸಿಕೊಂಡ ಒಬ್ಬರ ಜೊತೆ ಮಾತಾಡಿಸುತ್ತೀರಾ ಅಂತ ಕೇಳುವುದರಲ್ಲೂ ಸಂಕೋಚ ಬೇಡ.

ಇಷ್ಟಾದರೂ ತೀರ್ಮಾನ ಮಾಡಲು ಆಗದೆ ಹೋದರೆ ಈಗಲೇ ಮಾಡಬೇಕು ಅಂತೇನೂ ಇಲ್ಲ. ಕ್ಯಾನ್ಸರ್ ಚಿಕಿತ್ಸೆ ಕಾಯಲಾರದು, ಮರುನಿರ್ಮಾಣ ಕಾಯಬಲ್ಲದು. ತಕ್ಷಣ ಮಾಡಿಸಿಕೊಂಡರೆ ಸ್ತನದ ಸ್ವಂತ ಚರ್ಮ ಉಳಿಸಿಕೊಂಡು ಆಕಾರ ಕಟ್ಟುವುದು ಸುಲಭ ಅನ್ನುವುದು ನಿಜ, ತಡ ಮಾಡಿದರೆ ಆ ಅನುಕೂಲದ ಬಹುಪಾಲು ಹೋಗುತ್ತದೆ, ಫ್ಲಾಪ್‌ನ ತೇಪೆ ಎದ್ದು ಕಾಣಬಹುದು. ಇದನ್ನು ತಿಳಿದುಕೊಂಡೇ ಎಷ್ಟೋ ಮಂದಿ ಮೊದಲು ಸ್ತನ ತೆಗೆಸಿಕೊಂಡು, ಕೀಮೋ, ರೇಡಿಯೇಷನ್ ಎಲ್ಲ ಮುಗಿಸಿ, ತಿಂಗಳುಗಳೋ ವರ್ಷಗಳೋ ಆದಮೇಲೆ ಮರುನಿರ್ಮಾಣಕ್ಕೆ ಬರುತ್ತಾರೆ. ಬಾರದೆಯೂ ಇರುತ್ತಾರೆ.